ಕೋಳಿ ಸಾಕಿದ ಹಿಲ್‌ಮನ್ ಮತ್ತು ನಮ್ಮ ಕಡೆಯ ಮೂರನೇ ಡೋಸ್

ನಾವು ಮೂವರು ರೂಮ್‌ಮೇಟ್‌ಗಳು ಒಂದೇ ರಸ್ತೆಯವರು. ಒಬ್ಬನದು ಲಿಂಗಸುಗೂರು, ಒಬ್ಬನದು ಮಸ್ಕಿ, ಇನ್ನೊಬ್ಬನದು ಸಿಂಧನೂರು. ರಜೆಗೆ ಊರಿಗೆ ಹೋಗುವಾಗ ಬಸ್ಸು ಒಂದೇ, ಇಳಿಯುವ ಜಾಗ ಮಾತ್ರ ಬೇರೆ. ಹಾಸ್ಟೆಲ್‌ನಲ್ಲಿ ನಮಗೆ ರಾಯಚೂರು ಗ್ಯಾಂಗ್ ಅಂತಲೇ ಹೆಸರು. ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಈ ಲೇಖನ ಶುರುವಾಗಿದ್ದು ಒಂದು ರಕ್ತದಾನ ಶಿಬಿರದಿಂದ. ಬಿಸ್ಕತ್ತು, ಜ್ಯೂಸು, ಸರ್ಟಿಫಿಕೇಟು ಸಿಗುತ್ತೆ ಅಂತ ನಾವೂ ಸಾಲಲ್ಲಿ ನಿಂತು ರಕ್ತ ಕೊಟ್ಟೆವು. ಕೆಲವು ದಿನದ ಮೇಲೆ ನಮ್ಮ ಕಡೆಯವನೇ ಆದ ಒಬ್ಬ ಸೀನಿಯರ್‌ಗೆ ರಕ್ತನಿಧಿಯಿಂದ ಫೋನ್ ಬಂತು. ದಾನ ಮಾಡಿದ ರಕ್ತವನ್ನೆಲ್ಲ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗೆ ಪರೀಕ್ಷೆ ಮಾಡ್ತಾರೆ ಅನ್ನೋದೇ ನಮಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಅವನದು ಹೆಪಟೈಟಿಸ್ ಬಿ ಪಾಸಿಟಿವ್ ಬಂದಿತ್ತು. ಜ್ವರ ಇಲ್ಲ, ಕಣ್ಣು ಹಳದಿ ಇಲ್ಲ, ಹಿಂದಿನ ದಿನ ತಾನೇ ಕ್ರಿಕೆಟ್ ಆಡಿದ್ದ. ಅವನಿಗೆ ಬಂದ ಮೊದಲ ಚಿಂತೆ ಲಿವರ್ ಬಗ್ಗೆ ಅಲ್ಲ. ಮೊಬೈಲಲ್ಲಿ ಹುಡುಕಿದ ತಕ್ಷಣ ಲೈಂಗಿಕ ಸಂಪರ್ಕದಿಂದ ಹರಡುವ ರೋಗ ಅಂತ ಬಂದಿತ್ತು. ಮನೆಯಲ್ಲಿ ಹೇಳಿದರೆ ಅಪ್ಪ ಏನು ತಿಳ್ಕೊಳ್ತಾನೋ ಅನ್ನೋದೇ ತಲೆಯಲ್ಲಿ ಓಡ್ತಿತ್ತು. ಮೂರು ದಿನ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ನಮ್ಮಲ್ಲೊಬ್ಬ ಅವನ ಲೋಟ ಬೇರೆ ಇಟ್ಟ. ಆ ಒಬ್ಬ ಈಗ ಇದನ್ನು ಬರೆಯುತ್ತಿರುವ ಮೂವರಲ್ಲೇ ಇದ್ದಾನೆ, ಅದಕ್ಕೆ ಈಗಲೂ ನಾಚಿಕೆ ಆಗುತ್ತೆ. ಯಾಕಂದ್ರೆ ಹೆಪಟೈಟಿಸ್ ಬಿ ಲೋಟದಿಂದ, ತಟ್ಟೆಯಿಂದ, ಕೈಕುಲುಕಿದರೆ ಬರೋದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ ಬರುತ್ತೆ. ಸೀನಿಯರ್ ಒಪ್ಪಿಗೆ ತಗೊಂಡೇ ಇಷ್ಟು ಬರೆದಿದ್ದೇವೆ. ಹೆಸರು, ಬ್ರಾಂಚು ಕೇಳಬೇಡಿ.

ಅವನ ಜೊತೆ ಡಾಕ್ಟರ ಹತ್ತಿರ ಹೋದಾಗ ಗೊತ್ತಾಗಿದ್ದು ಇಷ್ಟು. ಹುಟ್ಟುವಾಗ ಈ ಸೋಂಕು ತಗುಲಿದರೆ 100ರಲ್ಲಿ ಸುಮಾರು 90 ಮಕ್ಕಳಲ್ಲಿ ವೈರಸ್ ಹಾಗೇ ಉಳಿದುಬಿಡುತ್ತೆ. ದೊಡ್ಡವರಾದ ಮೇಲೆ ತಗುಲಿದರೆ 100ರಲ್ಲಿ 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಉಳಿಯುತ್ತೆ. ಅಂದರೆ ಅವನಿಗೆ ಬಹುಶಃ ಹುಟ್ಟಿನಿಂದಲೇ ಇರಬಹುದು. ಉಳಿದವರು ಟೆಸ್ಟ್ ಮಾಡಿಸಿ, ಇಲ್ಲದಿದ್ದರೆ ಲಸಿಕೆ ಹಾಕಿಸ್ಕೋಬೇಕು. ಲಸಿಕೆ ಇದೆಯಾ ಅಂತ ನಾವು ಪೆದ್ದರ ಹಾಗೆ ಕೇಳಿದೆವು. 1981ರಿಂದ ಇದೆ. ನಾವು ಹುಟ್ಟೋಕೆ 25 ವರ್ಷ ಮೊದಲು!

ಅದನ್ನು ಮಾಡಿದವರು ಯಾರು ಅಂತ ಹುಡುಕಿದಾಗ ಸಿಕ್ಕ ಹೆಸರು ಮಾರಿಸ್ ಹಿಲ್‌ಮನ್. ನೀವು ಕೇಳಿದ್ದೀರಾ? ನಾವಂತೂ ಕೇಳಿರಲಿಲ್ಲ. ಲಸಿಕೆ ವಿಜ್ಞಾನ ಓದುವವರಿಗೆ ಇವರು ದೊಡ್ಡ ಹೆಸರು. ದಡಾರ, ಮಂಗನಬಾವು, ರುಬೆಲ್ಲಾ, ಸೀತಾಳೆ ಸಿಡುಬು, ಹೆಪಟೈಟಿಸ್ ಎ, ಹೆಪಟೈಟಿಸ್ ಬಿ ಸೇರಿದಂತೆ ಇವರು ಕೈಯಿಟ್ಟ ಲಸಿಕೆಗಳು 40ಕ್ಕೂ ಹೆಚ್ಚು. ಮಸ್ಕಿಯ ಗೆಳೆಯನಿಗೆ ಆಗ ನೆನಪಾಗಿದ್ದು ಅವರೂರಿನ ಬಂಡೆ. ದೇವಾನಾಂಪಿಯ ಅನ್ನೋ ಬಿರುದು ಎಷ್ಟೋ ಶಾಸನಗಳಲ್ಲಿತ್ತು, ಅದು ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು ಮಸ್ಕಿ ಶಾಸನ. 1915ರಲ್ಲಿ ಅದನ್ನು ಪತ್ತೆ ಮಾಡಿದವರು ಬೀಡನ್ ಅನ್ನೋ ಗಣಿ ಇಂಜಿನಿಯರ್. (ಹೌದು, ನಮ್ಮವರೇ!) ಹಿಲ್‌ಮನ್ ಕಥೆಗೆ ಅಂಥ ಬಂಡೆ ಸಿಕ್ಕಿಲ್ಲ. ಕೆಲಸ ಎಲ್ಲರ ತೋಳಲ್ಲಿದೆ, ಹೆಸರು ಯಾರ ಬಾಯಲ್ಲೂ ಇಲ್ಲ.

ಹಿಲ್‌ಮನ್ ಹುಟ್ಟಿದ್ದು 1919ರ ಆಗಸ್ಟ್ 30ರಂದು, ಅಮೆರಿಕದ ಮೊಂಟಾನಾ ರಾಜ್ಯದ ಮೈಲ್ಸ್ ಸಿಟಿ ಅನ್ನೋ ಊರಿನ ಹತ್ತಿರ. ಜೊತೆಗೆ ಹುಟ್ಟಿದ ಅವಳಿ ತಂಗಿ ಆಗಲೇ ತೀರಿಕೊಂಡಿದ್ದಳು. ಎರಡು ದಿನದಲ್ಲಿ ತಾಯಿಯೂ ಹೋದರು. ಮನೆ ತುಂಬ ಮಕ್ಕಳು, ಅಪ್ಪನಿಗೆ ಕೂಸು ಸಾಕೋದು ಆಗದೆ ಪಕ್ಕದಲ್ಲೇ ಇದ್ದ ಸಂಬಂಧಿಕರ ಮನೆಯಲ್ಲಿ ಬೆಳೆದರು. ಬಡತನದ ಒಕ್ಕಲುತನ. ಹುಡುಗನ ಪಾಲಿಗೆ ಬಂದ ಕೆಲಸ ಕೋಳಿ ಸಾಕೋದು. ನಮ್ಮೂರಲ್ಲೂ ಬೆಳಿಗ್ಗೆ ಎದ್ದು ಜವಾರಿ ಕೋಳಿ ಬಿಡೋದು, ಮೊಟ್ಟೆ ಎಣಿಸೋದು ಹುಡುಗರ ಕೆಲಸವೇ. ಆದರೆ ನಮ್ಮಲ್ಲಿ ಯಾರಿಗೂ ಅದರಿಂದ ಕೆಲಸ ಸಿಕ್ಕಿಲ್ಲ. ಹಿಲ್‌ಮನ್‌ಗೆ ಸಿಕ್ತು. ಆ ಕಾಲದ ಎಷ್ಟೋ ಲಸಿಕೆಗಳಿಗೆ ವೈರಸ್ ಬೆಳೆಸುತ್ತಿದ್ದದ್ದು ಕೋಳಿ ಮೊಟ್ಟೆಯೊಳಗೆ. ಮೊಟ್ಟೆ ಅಂದ್ರೆ ಏನು, ಕೋಳಿ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿದ್ದ ವಿಜ್ಞಾನಿ ಇವರು. ಮುಂದೆ ಕೋಳಿಗಳಿಗೆ ಕ್ಯಾನ್ಸರ್ ತರುವ ಮಾರೆಕ್ಸ್ ಅನ್ನೋ ರೋಗಕ್ಕೂ ಲಸಿಕೆ ತಯಾರಿಸಿ ಆ ಋಣ ತೀರಿಸಿದರು ಅನ್ನಬಹುದು.

ಶಾಲೆ ಮುಗಿದ ಮೇಲೆ ಊರಿನ ಒಂದು ಬಟ್ಟೆಬರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಜೀವನ ಅಲ್ಲೇ ಮುಗಿಯಬೇಕಿತ್ತು. ಅಣ್ಣನೊಬ್ಬ ಕಾಲೇಜಿಗೆ ಹೋಗು ಅಂತ ಹಠ ಹಿಡಿದ, ಸ್ಕಾಲರ್‌ಶಿಪ್ ಸಿಕ್ಕಿತು, ಮೊಂಟಾನಾದಲ್ಲೇ ಓದಿ 1941ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಅಲ್ಲಿಂದ ಷಿಕಾಗೋ ವಿಶ್ವವಿದ್ಯಾಲಯ, 1944ರಲ್ಲಿ ಪಿಎಚ್‌ಡಿ.

ಆ ಪಿಎಚ್‌ಡಿ ವಿಷಯ ನಮ್ಮ ಲೇಖನಕ್ಕೆ ಬೇಕು. ಕ್ಲಮೀಡಿಯಾ ಅನ್ನೋ ರೋಗಾಣುವನ್ನು ಆಗ ಎಲ್ಲರೂ ವೈರಸ್ ಅಂದುಕೊಂಡಿದ್ದರು. ಅದು ವೈರಸ್ ಅಲ್ಲ, ಜೀವಕೋಶದ ಒಳಗೆ ಮಾತ್ರ ಬದುಕುವ ವಿಚಿತ್ರ ಬ್ಯಾಕ್ಟೀರಿಯಾ ಅಂತ ಹಿಲ್‌ಮನ್ ತೋರಿಸಿದರು. ವೈರಸ್ ಆದರೆ ಆಂಟಿಬಯಾಟಿಕ್ ನಾಟೋದಿಲ್ಲ, ಬ್ಯಾಕ್ಟೀರಿಯಾ ಆದರೆ ನಾಟುತ್ತೆ. ಹಾಗಾಗಿ ಇದು ಬರೀ ಹೆಸರಿನ ಜಗಳ ಅಲ್ಲ. ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆ ಅಂತ ಸುರಕ್ಷಾ ಕ್ಲಿನಿಕ್‌ಗಳಿವೆ. ಅಲ್ಲಿ ಬಣ್ಣ ಬಣ್ಣದ ಮಾತ್ರೆ ಕಿಟ್‌ಗಳನ್ನು ಪುಕ್ಕಟೆ ಕೊಡ್ತಾರೆ. ಅದರಲ್ಲಿ ಬೂದು ಬಣ್ಣದ್ದು ಒಂದನೇ ನಂಬರಿನ ಕಿಟ್, ಅದರೊಳಗಿನ ಅಜಿತ್ರೋಮೈಸಿನ್ ಮಾತ್ರೆ ಹೊಡೆಯೋದು ಇದೇ ಕ್ಲಮೀಡಿಯಾವನ್ನ. ಮುಂದೆ ಬರೋ ಹೆಪಟೈಟಿಸ್ ಬಿ ಕಥೆಯೂ ಅದೇ ಕ್ಲಿನಿಕ್ಕಿನ ಬಾಗಿಲಿಗೆ ಬಂದು ನಿಲ್ಲುತ್ತೆ. ಆ ಬಾಗಿಲನ್ನ ನೆನಪಲ್ಲಿ ಇಟ್ಕೊಳ್ಳಿ.

ಪಿಎಚ್‌ಡಿ ಆದ ಮೇಲೆ ಪ್ರೊಫೆಸರ್‌ಗಿರಿ ಬಿಟ್ಟು ಕಂಪನಿ ಸೇರಿದರು. ಗುರುಗಳಿಗೆ ಅದು ಇಷ್ಟ ಇರಲಿಲ್ಲ. ಕಂಡುಹಿಡಿಯೋದು ಬೇರೆ, ಅದನ್ನು ಲಕ್ಷಗಟ್ಟಲೆ ಜನರಿಗೆ ಆಗುವಷ್ಟು ಮಾಡೋದು ಬೇರೆ, ತನಗೆ ಬೇಕಾಗಿದ್ದು ಎರಡನೆಯದು ಅನ್ನೋದು ಇವರ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪ್ರೋಟೋಟೈಪ್‌ಗಿಂತ ಪ್ರೊಡಕ್ಷನ್ ಮೇಲೆ ಪ್ರೀತಿ. ಸ್ಕ್ವಿಬ್ ಕಂಪನಿಯಲ್ಲಿ ಯುದ್ಧಕ್ಕೆ ಹೋದ ಸೈನಿಕರಿಗಾಗಿ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಮಾಡಿದರು. 1948ರಿಂದ ಸೈನ್ಯದ ಸಂಶೋಧನಾ ಕೇಂದ್ರದಲ್ಲಿ ಇದ್ದರು. 1957ರ ಏಪ್ರಿಲ್‌ನಲ್ಲಿ ಪೇಪರ್ ಓದುತ್ತಾ ಹಾಂಗ್‌ಕಾಂಗ್‌ನಲ್ಲಿ ಫ್ಲೂ ಹರಡಿದ ಸುದ್ದಿ ನೋಡಿ, ಇದು ಇಡೀ ಜಗತ್ತಿಗೆ ಬರುತ್ತೆ ಅಂತ ಉಳಿದವರಿಗಿಂತ ಮೊದಲೇ ಹೇಳಿದರು. ಲಸಿಕೆಗೆ ಮೊಟ್ಟೆ ಬೇಕು, ಹುಂಜಗಳನ್ನು ಕೊಲ್ಲಬೇಡಿ ಅಂತ ಸಾಕಣೆದಾರರಿಗೆ ಹೇಳಿಸಿದ್ದೂ ಇವರೇ. ಹುಂಜ ಇಲ್ಲದಿದ್ದರೆ ಮರಿ ಆಗುವ ಮೊಟ್ಟೆ ಎಲ್ಲಿಂದ ಬರಬೇಕು? ಆ ವರ್ಷ ಸುಮಾರು 4 ಕೋಟಿ ಡೋಸ್ ತಯಾರಾಯಿತು.

ಅದೇ ವರ್ಷ ಮರ್ಕ್ ಕಂಪನಿ ಸೇರಿದರು, ಮತ್ತೆ ಬಿಡಲಿಲ್ಲ. ಅಲ್ಲಿ ಇವರ ಹತ್ತಿರ ಕೆಲಸ ಮಾಡೋದು ಸುಲಭ ಇರಲಿಲ್ಲವಂತೆ. ಬಾಯಿ ತುಂಬ ಬೈಗುಳ. ಕೆಲಸದಿಂದ ತೆಗೆದುಹಾಕಿದವರ ಲೆಕ್ಕಕ್ಕೆ ಮಕ್ಕಳು ಮಾಡಿಕೊಟ್ಟ ಬೊಂಬೆ ರುಂಡಗಳನ್ನು ಮೇಜಿನ ಹತ್ತಿರ ಸಾಲಾಗಿ ಇಟ್ಟಿದ್ದರಂತೆ. ನಮ್ಮ ಕೆಲವು ಲ್ಯಾಬ್ ವೈವಾಗಳು ನೆನಪಾದವು, ಇರಲಿ. 1963ರಲ್ಲಿ ಒಂದು ರಾತ್ರಿ ಐದು ವರ್ಷದ ಮಗಳು ಜೆರಿಲ್ ಲಿನ್ ಗಂಟಲು ಊದಿಸಿಕೊಂಡು ಎದ್ದು ಬಂದಳು. ತಾಯಿ ಇಲ್ಲದ ಮಗು. ಮಂಗನಬಾವು ಅಂತ ಗೊತ್ತಾಯಿತು. ಹಿಲ್‌ಮನ್ ಅವಳನ್ನು ಮಲಗಿಸಿ, ಲ್ಯಾಬಿಗೆ ಹೋಗಿ ಸಾಮಾನು ತಂದು, ಮಗಳ ಗಂಟಲಿಂದ ಹತ್ತಿಯಲ್ಲಿ ಒರೆಸಿ ತಗೊಂಡು ಹೋದರು. ಆ ವೈರಸ್ಸನ್ನು ಕೋಳಿ ಮೊಟ್ಟೆಯಲ್ಲಿ, ಕೋಳಿ ಮರಿಯ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಸಪ್ಪೆ ಮಾಡಿ 1967ರಲ್ಲಿ ಲಸಿಕೆ ತಂದರು. ಇವತ್ತಿಗೂ ಆ ತಳಿಯ ಹೆಸರು ಜೆರಿಲ್ ಲಿನ್. ಅಪ್ಪನ ಹೆಸರಿಲ್ಲ, ಮಗಳ ಹೆಸರಿದೆ. ಇದು ನಮಗೆ ಬಹಳ ಹಿಡಿಸಿತು.

ಈಗ ಹೆಪಟೈಟಿಸ್ ಬಿ ವಿಷಯಕ್ಕೆ ಬರೋಣ. ನಮ್ಮ ಕಡೆ ಇದನ್ನ ಎಲ್ಲಾ ಸೇರಿಸಿ ಕಾಮಣಿ ಅಂತಾರೆ. ಎಲೆ ಔಷಧಿ ಕುಡಿಸಿ, ಪಥ್ಯ ಹೇಳಿ ಕಳಿಸ್ತಾರೆ. ಕಲುಷಿತ ನೀರಿನಿಂದ ಬರುವ ಕಾಮಣಿ ಸಾಮಾನ್ಯವಾಗಿ ತಾನಾಗೇ ಹೋಗುತ್ತೆ, ಹಾಗಾಗಿ ಎಲೆಗೆ ಹೆಸರು ಬರುತ್ತೆ. ಹೆಪಟೈಟಿಸ್ ಬಿ ಹಾಗಲ್ಲ. ಕಣ್ಣು ಬಿಳಿಯಾದರೂ ವೈರಸ್ ಒಳಗೇ ಉಳಿದು, ಇಪ್ಪತ್ತು ಮೂವತ್ತು ವರ್ಷದ ಮೇಲೆ ಲಿವರ್ ಗಟ್ಟಿಯಾಗಿಸಬಹುದು, ಕ್ಯಾನ್ಸರ್ ತರಬಹುದು. 2022ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 25 ಕೋಟಿ ಜನರಲ್ಲಿ ಇದೆ, ಭಾರತದಲ್ಲೇ ಸುಮಾರು 3 ಕೋಟಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಅನ್ನೋ ವಿಜ್ಞಾನಿ ಈ ವೈರಸ್ಸಿನ ಮೇಲ್ಮೈ ಪ್ರೋಟೀನನ್ನು ರಕ್ತದಲ್ಲಿ ಪತ್ತೆ ಮಾಡಿದರು. ಅದಕ್ಕೆ 1976ರಲ್ಲಿ ನೊಬೆಲ್ ಬಂತು. ಜುಲೈ 28, ಅವರ ಹುಟ್ಟಿದ ದಿನ, ಈಗ ವಿಶ್ವ ಹೆಪಟೈಟಿಸ್ ದಿನ. ಆದರೆ ಲಸಿಕೆ ಮಾಡೋಕೆ ದೊಡ್ಡ ತೊಡಕಿತ್ತು. ಈ ವೈರಸ್ ಮೊಟ್ಟೆಯಲ್ಲೂ ಬೆಳೆಯೋದಿಲ್ಲ, ಗಾಜಿನ ತಟ್ಟೆಯಲ್ಲೂ ಬೆಳೆಯೋದಿಲ್ಲ. ಸಿಗೋದು ಒಂದೇ ಕಡೆ, ಸೋಂಕಿತರ ರಕ್ತದಲ್ಲಿ. ಅಲ್ಲಿ ಪೂರ್ತಿ ವೈರಸ್ಸಿಗಿಂತ ಬರೀ ಮೇಲ್ಮೈ ಪ್ರೋಟೀನಿನ ಖಾಲಿ ಗುಂಡುಗಳೇ ರಾಶಿ ರಾಶಿ ಇರುತ್ತವೆ. ಪ್ರತಿಯೊಂದೂ ಸುಮಾರು 22 ನ್ಯಾನೋಮೀಟರ್. ಒಳಗೆ ಡಿಎನ್ಎ ಇಲ್ಲ, ಹಾಗಾಗಿ ರೋಗ ತರೋದಿಲ್ಲ, ಆದರೆ ದೇಹಕ್ಕೆ ಶತ್ರುವಿನ ಮುಖ ಪರಿಚಯ ಮಾಡಿಸುತ್ತವೆ. ಈ ಗುಂಡುಗಳನ್ನು ಉಳಿಸಿ ಉಳಿದದ್ದೆಲ್ಲ ಸಾಯಿಸಬೇಕು.

ಹಿಲ್‌ಮನ್‌ಗೆ ಹೆದರಿಕೆ ಇತ್ತು, ಅದಕ್ಕೆ ಕಾರಣವೂ ಇತ್ತು. 1960ರಲ್ಲಿ ಇವರ ಲ್ಯಾಬೇ ಪೋಲಿಯೊ ಲಸಿಕೆಗೆ ಬಳಸುವ ಮಂಗನ ಜೀವಕೋಶಗಳಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವೈರಸ್ ಕೂತಿರೋದನ್ನ ಪತ್ತೆ ಮಾಡಿತ್ತು. ಕಾಣದ್ದು ಒಳಗಿರಬಹುದು ಅನ್ನೋದು ಅಲ್ಲಿಂದ ಕಲಿತ ಪಾಠ. ಅದಕ್ಕೇ ಮೂರು ಹಂತ ಇಟ್ಟರು. ಮೊದಲು ಪೆಪ್ಸಿನ್, ಅಂದರೆ ನಮ್ಮ ಹೊಟ್ಟೆಯಲ್ಲಿ ಮಾಂಸ ಕರಗಿಸುವ ಎಂಜೈಮ್. ಎರಡನೆಯದು ಯೂರಿಯಾ. ಹೌದು, ಸಿಂಧನೂರಿನ ಭತ್ತದ ಗದ್ದೆಗೆ ಚೀಲಗಟ್ಟಲೆ ಹಾಕುವ ಅದೇ ಯೂರಿಯಾ, ಇಲ್ಲಿ ಗಾಢ ದ್ರಾವಣವಾಗಿ. ಮೂರನೆಯದು ಫಾರ್ಮಾಲಿನ್, ಪಿಯುಸಿ ಬಯಾಲಜಿ ಲ್ಯಾಬಿನ ಬಾಟಲಿಗಳ ವಾಸನೆ. ಆಗ ಗೊತ್ತಿದ್ದ ಬೇರೆ ಬೇರೆ ಬಗೆಯ ವೈರಸ್‌ಗಳನ್ನು ಬೇಕೆಂದೇ ಬೆರೆಸಿ, ಯಾವ ಹಂತ ಯಾವುದನ್ನು ಸಾಯಿಸುತ್ತೆ ಅಂತ ಪರೀಕ್ಷೆ ಮಾಡಿದರು. ರಿಲಯಬಿಲಿಟಿ ಓದಿದವರಿಗೆ ಇದು ಗೊತ್ತಿರೋ ಲೆಕ್ಕ. ಒಂದು ಹಂತ ಸೋಲುವ ಸಾಧ್ಯತೆ ಸಾವಿರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಹಂತ ಒಟ್ಟಿಗೇ ಸೋಲುವ ಸಾಧ್ಯತೆ ನೂರು ಕೋಟಿಗೆ ಒಂದು. ಮೇಲ್ಮೈ ಪ್ರೋಟೀನ್ ಮಾತ್ರ ಗಟ್ಟಿ, ಈ ಮೂರನ್ನೂ ದಾಟಿ ಉಳಿಯಿತು. ಒಂದು ಬ್ಯಾಚ್ ಮಾಡಿ ಪರೀಕ್ಷೆ ಮುಗಿಸೋಕೆ ಒಂದು ವರ್ಷಕ್ಕೂ ಹೆಚ್ಚು ಬೇಕಾಗುತ್ತಿತ್ತು.

ಆ ರಕ್ತ ಯಾರದು? ಇದನ್ನ ಬಹಳ ಕಡೆ ಒಂದು ಸಾಲಲ್ಲಿ ಮುಗಿಸಿಬಿಡ್ತಾರೆ. ನ್ಯೂಯಾರ್ಕಿನ ಸಲಿಂಗಿ ಗಂಡಸರು, ಸೂಜಿಯಲ್ಲಿ ಮಾದಕವಸ್ತು ತಗೊಳ್ಳುತ್ತಿದ್ದವರು. ಅವರಲ್ಲಿ ಸೋಂಕು ಜಾಸ್ತಿ ಇತ್ತು, ಹಾಗಾಗಿ ಅವರ ರಕ್ತದಲ್ಲಿ ಆ ಗುಂಡುಗಳೂ ಜಾಸ್ತಿ. ಊರಿನವರು ಮುಖ ತಿರುಗಿಸುತ್ತಿದ್ದ ಜನರ ರಕ್ತದಿಂದಲೇ ಲಸಿಕೆ ತಯಾರಾಯಿತು.

ಅದು ಕೆಲಸ ಮಾಡುತ್ತಾ ಅಂತ ನೋಡಿದ್ದೂ ಅವರ ತೋಳಿನಲ್ಲೇ. ಆ ಪ್ರಯೋಗ ನಡೆಸಿದವರು ವೋಲ್ಫ್ ಶ್ಮೂನೆಸ್. ಪೋಲೆಂಡಿನವರು, ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡು, ಸೈಬೀರಿಯಾದಲ್ಲಿ ವರ್ಷಗಟ್ಟಲೆ ಕಷ್ಟಪಟ್ಟು, ಅಲ್ಲೇ ಡಾಕ್ಟರ್ ಆಗಿ, 1969ರಲ್ಲಿ ನ್ಯೂಯಾರ್ಕಿಗೆ ಬಂದಿದ್ದರು. ಇವರ ಮೇಲೂ ಒಂದು ಲೇಖನ ಬರೆಯಬಹುದು. 1978ರಿಂದ ಸಲಿಂಗಿ ಸಂಘಟನೆಗಳು, ಕ್ಲಿನಿಕ್‌ಗಳ ನೆರವಿನಿಂದ 1083 ಗಂಡಸರನ್ನು ಸೇರಿಸಿಕೊಂಡರು. ಅರ್ಧ ಜನರಿಗೆ ಲಸಿಕೆ, ಅರ್ಧ ಜನರಿಗೆ ಲಸಿಕೆ ಇಲ್ಲದ ಬರೀ ಚುಚ್ಚುಮದ್ದು. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಮೂರು ಡೋಸ್. ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ನಮಗೆ ಆಶ್ಚರ್ಯ ಆಗಿದ್ದು ಫಲಿತಾಂಶಕ್ಕಿಂತ ಇದಕ್ಕೆ. ಆ ಗಂಡಸರಲ್ಲಿ ಬಹುತೇಕ ಎಲ್ಲರೂ ಮೂರೂ ಸಲ ವಾಪಸ್ ಬಂದರು. ಅವರ ಗುಟ್ಟು ಹೊರಗೆ ಹೋಗೋದಿಲ್ಲ ಅಂತ ನಂಬಿಕೆ ಇತ್ತು, ಕೆಲಸ ಮಾಡುತ್ತಿದ್ದವರು ಅವರನ್ನ ಮನುಷ್ಯರ ಹಾಗೆ ಮಾತಾಡಿಸುತ್ತಿದ್ದರು. 1980ರಲ್ಲಿ ಫಲಿತಾಂಶ ಬಂತು. ಲಸಿಕೆ ಪಡೆದವರಲ್ಲಿ ರೋಗ ಶೇಕಡಾ 90ಕ್ಕಿಂತಲೂ ಹೆಚ್ಚು ಕಡಿಮೆ. 1981ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ಮನುಷ್ಯರಿಗೆ ಬರುವ ಒಂದು ಕ್ಯಾನ್ಸರನ್ನು ತಡೆಯುವ ಮೊದಲ ಲಸಿಕೆ ಅಂತ ಇದನ್ನೇ ಕರೆಯುತ್ತಾರೆ. ಶ್ಮೂನೆಸ್ 1982ರಲ್ಲೇ ತೀರಿಕೊಂಡರು.

ಇಲ್ಲಿಗೆ ಸಿನಿಮಾ ಆಗಿದ್ದರೆ ಮುಗಿಯುತ್ತಿತ್ತು. ಆದರೆ 1981ರ ಜೂನ್‌ನಲ್ಲೇ ಏಡ್ಸ್‌ನ ಮೊದಲ ವರದಿ ಬಂದಿತ್ತು. ಅದು ಕಾಣಿಸಿಕೊಂಡಿದ್ದು ಇದೇ ಸಲಿಂಗಿ ಗಂಡಸರಲ್ಲಿ. ಅವರ ರಕ್ತದಿಂದ ಮಾಡಿದ ಲಸಿಕೆಯಲ್ಲಿ ಏಡ್ಸ್ ಇರಬಹುದು ಅಂತ ಜನ ಹೆದರಿದರು, ಡಾಕ್ಟರುಗಳೂ ಹೆದರಿದರು. ಹಿಲ್‌ಮನ್ ಇಟ್ಟ ಮೂರು ಹಂತಗಳು ಎಚ್‌ಐವಿಯನ್ನೂ ಸಾಯಿಸಿದ್ದವು ಅಂತ ಆಮೇಲೆ ಪರೀಕ್ಷೆಯಲ್ಲಿ ಖಚಿತವಾಯಿತು. ಎಚ್‌ಐವಿ ಅನ್ನೋ ಹೆಸರೇ ಹುಟ್ಟುವ ಮೊದಲು ಅದನ್ನ ತಡೆಯುವ ವ್ಯವಸ್ಥೆ ಮಾಡಿಟ್ಟಿದ್ದರು! ಆದರೆ ಹೆದರಿಕೆ ಪರೀಕ್ಷೆಯ ವರದಿ ಓದಿ ಹೋಗೋದಿಲ್ಲ. ಬೆಲೆಯೂ ಜಾಸ್ತಿ, ಮೂರು ಡೋಸಿಗೆ ಸುಮಾರು 100 ಡಾಲರ್. ಹಿಲ್‌ಮನ್ ತಂಡ ಬೇರೆ ವಿಜ್ಞಾನಿಗಳ ಜೊತೆ ಸೇರಿ ದಾರಿ ಬದಲಿಸಿತು. ಆ ಮೇಲ್ಮೈ ಪ್ರೋಟೀನಿನ ಜೀನನ್ನು ಬ್ರೆಡ್ಡಿಗೆ ಹಾಕುವ ಯೀಸ್ಟ್‌ನ ಒಳಗೆ ಸೇರಿಸಿ, ಯೀಸ್ಟ್ ಕೈಯಲ್ಲೇ ಗುಂಡುಗಳನ್ನು ಮಾಡಿಸಿದರು. ರಕ್ತವೇ ಬೇಡ. 1986ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಜೀನ್ ತಂತ್ರಜ್ಞಾನದಿಂದ ಬಂದ ಮೊದಲ ಲಸಿಕೆ ಅದು.

ಈಗ ಲಸಿಕೆ ಇದೆ, ಸುರಕ್ಷಿತವಾಗಿಯೂ ಇದೆ. ಆದರೂ ಅಮೆರಿಕದಲ್ಲಿ ರೋಗ ಇಳಿಯಲಿಲ್ಲ. 1982ರಲ್ಲಿ ಅವರು ಹಾಕಿದ್ದ ಪ್ಲಾನ್ ಏನಂದ್ರೆ, ಅಪಾಯ ಜಾಸ್ತಿ ಇರುವವರಿಗೆ ಮಾತ್ರ ಲಸಿಕೆ ಹಾಕೋದು: ಆಸ್ಪತ್ರೆ ಸಿಬ್ಬಂದಿ, ಸಲಿಂಗಿ ಗಂಡಸರು, ಸೂಜಿ ಬಳಸುವವರು. ಹೆಚ್ಚಿನ ಡೋಸ್‌ಗಳು ಹೋಗಿದ್ದು ಆಸ್ಪತ್ರೆ ಸಿಬ್ಬಂದಿಗೆ. ಅವರಿಗೆ ಲಸಿಕೆ ಕೈಗೆಟುಕುವ ಜಾಗದಲ್ಲಿತ್ತು, ದುಡ್ಡು ಕೊಡೋರಿದ್ದರು, ಕೇಳೋಕೆ ನಾಚಿಕೆ ಇರಲಿಲ್ಲ. ಯಾರ ರಕ್ತದಿಂದ ಮಾಡಿದರೋ, ಯಾರ ತೋಳಲ್ಲಿ ಪರೀಕ್ಷೆ ಮಾಡಿದರೋ ಅವರಿಗೆ ತಲುಪಲಿಲ್ಲ. ಕೊನೆಗೆ 1991ರಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಹಾಕೋಣ ಅಂತ ತೀರ್ಮಾನ ಆಯಿತು. ತೈವಾನ್ 1984ರಲ್ಲೇ ಆ ಕೆಲಸ ಶುರು ಮಾಡಿತ್ತು, ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಇಳಿಯಿತು. ಮಕ್ಕಳಿಗೆ ಹಾಕೋದು ಸರಿ. ಆದರೆ ಆಗಲೇ ದೊಡ್ಡವರಾದವರ ಗತಿ?

ಇದೇ ಪ್ರಶ್ನೆ ನಮ್ಮೂರಿಗೂ ಬರುತ್ತೆ. ಹೊರಗಿನಿಂದ ಬರುತ್ತಿದ್ದ ಲಸಿಕೆ ದುಬಾರಿ ಇತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ ಇಲ್ಲೇ ತಯಾರಿಸಿದ ಮೇಲೆ ಬೆಲೆ ಬಿತ್ತು. ಅದನ್ನು ಕಟ್ಟಿದ ವರಪ್ರಸಾದ್ ರೆಡ್ಡಿ ಓದಿದ್ದು ಇಂಜಿನಿಯರಿಂಗ್, ಎಲೆಕ್ಟ್ರಾನಿಕ್ಸ್. ಸರ್ಕಾರ 2002ರ ಸುಮಾರಿಗೆ ಕೆಲವು ಕಡೆ ಪ್ರಯೋಗವಾಗಿ ಮಕ್ಕಳಿಗೆ ಶುರು ಮಾಡಿ, 2011ರ ಹೊತ್ತಿಗೆ ಇಡೀ ದೇಶಕ್ಕೆ ತಂದಿತು. ನಮ್ಮ ಕ್ಲಾಸಿನವರು ಹುಟ್ಟಿದ್ದು ಇದರ ನಡುವೆ. ಕೆಲವರಿಗೆ ಬಿದ್ದಿದೆ, ಕೆಲವರಿಗೆ ಇಲ್ಲ. ನಮ್ಮ ಮೂವರಲ್ಲಿ ಒಬ್ಬನ ಅವ್ವ ಮಾತ್ರ ಲಸಿಕೆ ಕಾರ್ಡ್ ಜೋಪಾನ ಇಟ್ಟಿದ್ದಳು. ಅದರಲ್ಲಿ ಆ ಸಾಲು ಖಾಲಿ.

ನಮಗಿಂತ ದೊಡ್ಡವರಿಗೆ ಬಹುತೇಕ ಬಿದ್ದೇ ಇಲ್ಲ. ನಮ್ಮ ರಸ್ತೆ ನೋಡಿ. ಸಿಂಧನೂರಿನ ರೈಸ್ ಮಿಲ್ಲುಗಳಿಂದ ದಿನಾ ಲಾರಿಗಳು ಹೋಗ್ತವೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ಕಾಲುವೆ ನೀರು ಮುಟ್ಟದ ಹಳ್ಳಿಗಳಿಂದ ಜನ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗ್ತಾರೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆಯಲ್ಲಿ ನಿಷೇಧ ಮಾಡಿದರೂ ಅದರ ಗಾಯ ಇನ್ನೂ ಇರುವ ಜಿಲ್ಲೆ ನಮ್ಮದು. ಮನೆಯಿಂದ ತಿಂಗಳುಗಟ್ಟಲೆ ದೂರ ಇರುವ ಗಂಡಸರು, ಅವರ ಹೆಂಡಂದಿರು, ಬದುಕಿಗಾಗಿ ಮೈ ಮಾರಿಕೊಳ್ಳುವ ಹೆಂಗಸರು, ಯಾರಿಗೂ ಹೇಳಿಕೊಳ್ಳಲಾಗದ ಸಲಿಂಗಿ ಹುಡುಗರು. ಇವರು ಯಾರೂ ಲಸಿಕೆ ಕೊಡಿ ಅಂತ ಬಂದು ಕೇಳೋದಿಲ್ಲ. ಬರೋದು ಉರಿ, ಹುಣ್ಣು, ಬಿಳಿಸೆರಗು ತಡೆಯಲಾಗದೆ, ಆ ಸುರಕ್ಷಾ ಕ್ಲಿನಿಕ್ಕಿನ ಬಾಗಿಲಿಗೆ. ರಜೆಯಲ್ಲಿ ಒಂದು ಆಸ್ಪತ್ರೆಯಲ್ಲಿ ಅಂಥ ಬಾಗಿಲಿನ ಎದುರು ಅರ್ಧ ದಿನ ಕೂತಿದ್ದೆವು, ಯಾವ ಊರು ಅಂತ ಹೇಳೋದಿಲ್ಲ. ಒಬ್ಬರು ಬಾಗಿಲ ತನಕ ಬಂದು, ಬೋರ್ಡು ಓದಿ, ಔಷಧಿ ಕೌಂಟರ್ ಕಡೆ ತಿರುಗಿದರು. ಮತ್ತೆ ಬಂದರು. ಮತ್ತೆ ತಿರುಗಿದರು. ಮೂರನೇ ಸಲ ಒಳಗೆ ಹೋದರು.

ಅಷ್ಟು ಕಷ್ಟಪಟ್ಟು ಒಳಗೆ ಬಂದವರ ಕೈಗೆ ಬರೀ ಮಾತ್ರೆ ಕೊಟ್ಟು ಕಳಿಸಿದರೆ ಅವರು ಮತ್ತೆ ಸಿಗೋದಿಲ್ಲ. ಅದೇ ದಿನ, ಅದೇ ಕೋಣೆಯಲ್ಲಿ ಹೆಪಟೈಟಿಸ್ ಬಿ ಟೆಸ್ಟಿಗೆ ರಕ್ತ ತೆಗೆದು, ರಿಪೋರ್ಟ್ ಬರೋಕೆ ಕಾಯದೆ ಮೊದಲ ಡೋಸ್ ಹಾಕಬಹುದು. ಮೊದಲೇ ಸೋಂಕು ಇದ್ದವರಿಗೆ ಲಸಿಕೆ ಬಿದ್ದರೂ ತೊಂದರೆ ಇಲ್ಲ. ಹೊರಗೆ ಮೆಡಿಕಲ್ ಶಾಪಿನಲ್ಲಿ ತಗೊಂಡು ಬಾ ಅಂದರೆ ಅಲ್ಲಿಗೆ ಮುಗೀತು. ಇನ್ನು ಮೂರನೇ ಡೋಸ್. ಆರು ತಿಂಗಳಲ್ಲಿ ಗುಳೆ ಹೋದವನು ಎಲ್ಲಿರ್ತಾನೋ! ಬ್ರಿಟನ್ನಿನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ಇದಕ್ಕೆ ಬೇರೆ ವೇಳಾಪಟ್ಟಿ ಇದೆ. ಮೊದಲ ದಿನ, 7ನೇ ದಿನ, 21ನೇ ದಿನ, ಆಮೇಲೆ ಒಂದು ವರ್ಷಕ್ಕೆ ಇನ್ನೊಂದು. ಮೂರು ವಾರದಲ್ಲೇ ಮೂರು ಡೋಸ್ ಮುಗಿಯೋದರಿಂದ ಜನ ಕೈಬಿಟ್ಟು ಹೋಗೋದು ಕಡಿಮೆ. ಭತ್ತದ ಕಟಾವಿಗೂ ಗುಳೆಗೂ ನಡುವೆ ಮೂರು ವಾರ ಸಿಗಬಹುದು, ಆರು ತಿಂಗಳು ಸಿಗೋದಿಲ್ಲ. ಎರಡನೇ ಡೋಸ್ ಪುಣೆಯಲ್ಲೂ ಹಾಕಿಸ್ಕೊಳ್ಳೋ ಹಾಗೆ ಫೋನ್ ನಂಬರಿಗೆ ಜೋಡಿಸಿದ ಒಂದು ದಾಖಲೆ ಮಾಡೋದು ನಮಗೇನು ದೊಡ್ಡ ಕೆಲಸ? ನಾವು ಮಿನಿ ಪ್ರಾಜೆಕ್ಟಿಗೆ ಅಂತ ಮಾಡೋ ಹಾಜರಾತಿ ಆ್ಯಪ್‌ಗಿಂತ ಸುಲಭ. ಆದರೆ ಹೆಸರು ಹೊರಗೆ ಹೋಗಬಾರದು. ಶ್ಮೂನೆಸ್‌ಗೆ ಗೊತ್ತಿದ್ದದ್ದು ಅದೇ.

ಹಿಲ್‌ಮನ್ 1984ರಲ್ಲಿ 65 ತುಂಬಿ ನಿಯಮದಂತೆ ನಿವೃತ್ತರಾದರೂ ಕಂಪನಿಯ ಒಂದು ಸಂಸ್ಥೆಯಲ್ಲಿ ಕೊನೆಯವರೆಗೂ ದಿನಾ ಕೆಲಸಕ್ಕೆ ಹೋಗುತ್ತಿದ್ದರು. 1988ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. ನೊಬೆಲ್ ಬರಲಿಲ್ಲ. ಯಾವ ಲಸಿಕೆಗೂ ತಮ್ಮ ಹೆಸರು ಇಡಲಿಲ್ಲ. 2005ರ ಏಪ್ರಿಲ್ 11ರಂದು ಫಿಲಡೆಲ್ಫಿಯಾದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ 85 ವರ್ಷ. ನಾವಿನ್ನೂ ಹುಟ್ಟಿರಲಿಲ್ಲ.

ಸೀನಿಯರ್ ಕೊನೆಗೆ ಮನೆಯಲ್ಲಿ ಹೇಳಿದ. ಅಪ್ಪ ಏನೂ ತಪ್ಪು ತಿಳಿಯಲಿಲ್ಲ, ಮೊದಲು ಕೇಳಿದ್ದು ಊಟ ಸರಿಯಾಗಿ ಮಾಡ್ತೀಯಾ ಅಂತ. ಎಲ್ಲರ ಟೆಸ್ಟ್ ಆಯಿತು. ಅವ್ವನದೂ ಪಾಸಿಟಿವ್. ಅವಳಿಗೆ ಇದುವರೆಗೂ ಗೊತ್ತೇ ಇರಲಿಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದರ ತಪಾಸಣೆ, ಮಾತ್ರೆ ಎರಡೂ ಉಚಿತ. ಇಬ್ಬರೂ ಆರು ತಿಂಗಳಿಗೊಮ್ಮೆ ಹೋಗಿ ಬರ್ತಾರೆ. ತಂಗಿಯದು ನೆಗೆಟಿವ್, ಅವಳಿಗೆ ಎರಡು ಡೋಸ್ ಆಗಿದೆ. ನಾವು ಮೂವರೂ ಟೆಸ್ಟ್ ಮಾಡಿಸಿ ಲಸಿಕೆ ಶುರು ಮಾಡಿದ್ದೇವೆ. ಮೂರನೇ ಡೋಸಿನ ತಾರೀಖು ನಾಲ್ಕನೇ ಸೆಮ್ ಪರೀಕ್ಷೆಯ ವಾರದಲ್ಲೇ ಬಿದ್ದಿದೆ, ಮ್ಯಾಥ್ಸ್ ಪೇಪರಿನ ಮಾರನೇ ದಿನ. ರೂಮಿನ ಬಾಗಿಲ ಹಿಂದೆ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದ್ದೇವೆ.